ಟೆಕ್ಸಾಸ್‌ನ ಹಳ್ಳಿಗಾಡಿನ ಕೌಂಟಿಯಿಂದ ವಿಚ್ಛೇದನದ ಡಿಕ್ರಿ ತರಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನ ಅಕ್ಕ ವೈದ್ಯೆ. 2008ರಿಂದ ಸುಮಾರು ಐದು ವರ್ಷ ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮ ಭಾಗದಲ್ಲಿ ಇದ್ದರು. ಕೆಲಸ ಆಲ್ಪೈನ್ ಎಂಬ ಊರಿನ ಆಸ್ಪತ್ರೆಯಲ್ಲಿ, ಆದರೆ ಕೆಲಕಾಲ ಬಾಡಿಗೆ ಮನೆ ಪಕ್ಕದ ಮಾರ್ಫಾದಲ್ಲಿತ್ತು. 2012ರಲ್ಲಿ ಅಲ್ಲಿಯೇ ಗಂಡ ಹೆಂಡತಿ ಇಬ್ಬರೂ ಒಪ್ಪಿ ವಿಚ್ಛೇದನ ಪಡೆದರು. ಮಕ್ಕಳಿಲ್ಲ. ಈಗ ಶಿವಮೊಗ್ಗದಲ್ಲಿದ್ದಾರೆ, ವಿಶೇಷ ವಿವಾಹ ಕಾಯ್ದೆಯಡಿ ಮರುಮದುವೆಯಾಗಲು ಹೊರಟಿದ್ದಾರೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ "ಡೈವೋರ್ಸ್ ಸರ್ಟಿಫಿಕೇಟ್ ತನ್ನಿ, ಅದಕ್ಕೆ ಅಪೋಸ್ಟಿಲ್ ಆಗಿರಬೇಕು" (ಅಂದರೆ ಕಾಗದದ ಮೇಲಿನ ಸಹಿ, ಮೊಹರು ನಿಜವೆಂದು ಅದು ಹೊರಟ ದೇಶದ ಅಧಿಕಾರಿ ದೃಢಪಡಿಸುವ ಹಾಳೆ ಇರಬೇಕು) ಎಂದಿದ್ದಾರೆ. ಮನೆ ಬದಲಿಸುವಾಗ ಮೂಲ ಕಾಗದಗಳು ಕಳೆದುಹೋಗಿವೆ. ಉಳಿದಿರುವುದು ಡಿಕ್ರಿಯ ಮೊದಲ ಪುಟದ ಮಸುಕಾದ ಫೋಟೊ ಒಂದೇ. ಅದರಲ್ಲಿ 394ನೇ ಜಿಲ್ಲಾ ನ್ಯಾಯಾಲಯ ಎಂಬುದಷ್ಟೇ ಓದಲು ಸಿಗುತ್ತದೆ. ಯಾವ ಕಚೇರಿಗೆ ಬರೆಯಬೇಕು? ಇಲ್ಲಿಂದಲೇ ತರಿಸಬಹುದೆ, ಅಥವಾ ಅಕ್ಕನೇ ಹೋಗಬೇಕೆ?

ಉತ್ತರ: ಅವರು ಹೋಗಬೇಕಾಗಿಲ್ಲ. ನಿಮ್ಮ ಬಳಿ ಉಳಿದಿರುವ ಆ ಮಸುಕಾದ ಪುಟ ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಅದು ಹೇಗೆಂದು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ನೀವು ಕೇಳಬೇಕಾದ ಕಾಗದದ ಹೆಸರನ್ನು ಸರಿಪಡಿಸಿಕೊಳ್ಳಬೇಕು, ಏಕೆಂದರೆ ಬಹುಪಾಲು ಅರ್ಜಿಗಳು ದಾರಿ ತಪ್ಪುವುದು ಅಲ್ಲಿಯೇ.

ಟೆಕ್ಸಾಸ್‌ನಲ್ಲಿ ಜನನ ಪ್ರಮಾಣಪತ್ರದಂತೆ "ವಿಚ್ಛೇದನ ಪ್ರಮಾಣಪತ್ರ" ಎಂಬ ಒಂದು ಹಾಳೆಯನ್ನು ರಾಜ್ಯ ಸರ್ಕಾರ ಕೊಡುವುದಿಲ್ಲ. ನೆಬ್ರಾಸ್ಕದಂಥ ಕೆಲವು ರಾಜ್ಯಗಳಲ್ಲಿ ಹಾಗೆ ಕೊಡುವ ಪದ್ಧತಿಯಿದೆ, ಆದ್ದರಿಂದಲೇ ಅಮೆರಿಕದಲ್ಲಿರುವ ಪರಿಚಯಸ್ಥರು ತಮ್ಮ ರಾಜ್ಯದ ಅನುಭವವನ್ನು ನಿಮಗೆ ಹೇಳಿ ಗೊಂದಲ ಹೆಚ್ಚಿಸುತ್ತಾರೆ. ಟೆಕ್ಸಾಸ್‌ನಲ್ಲಿ ವಿಚ್ಛೇದನಕ್ಕೆ ಸಾಕ್ಷಿ ಎಂದರೆ ನ್ಯಾಯಾಲಯದ ಡಿಕ್ರಿ, ಅಂದರೆ ನ್ಯಾಯಾಧೀಶರು ಸಹಿ ಮಾಡಿದ "ಫೈನಲ್ ಡಿಕ್ರಿ ಆಫ್ ಡೈವೋರ್ಸ್". ಅದರ ಮೂಲ ಪ್ರತಿ ಮೊಕದ್ದಮೆ ದಾಖಲಾದ ಕೌಂಟಿಯ ಡಿಸ್ಟ್ರಿಕ್ಟ್ ಕ್ಲರ್ಕ್ ಕಚೇರಿಯಲ್ಲಿರುತ್ತದೆ. ದೃಢೀಕೃತ ಪ್ರತಿ ಕೊಡುವ ಅಧಿಕಾರವೂ ಆ ಕಚೇರಿಯದೇ. ರಾಜಧಾನಿ ಆಸ್ಟಿನ್‌ನಲ್ಲಿರುವ ಆರೋಗ್ಯ ಇಲಾಖೆಯ ವೈಟಲ್ ಸ್ಟ್ಯಾಟಿಸ್ಟಿಕ್ಸ್ ವಿಭಾಗವು 1968ರಿಂದ ಈಚೆಗೆ ರಾಜ್ಯದಲ್ಲಾದ ವಿಚ್ಛೇದನಗಳ ಸೂಚಿಯನ್ನು ಇಟ್ಟುಕೊಂಡಿದೆ. 20 ಡಾಲರ್ ಕಟ್ಟಿದರೆ ಇಂಥವರ ವಿಚ್ಛೇದನ ಇಂಥ ದಿನ ಇಂಥ ಕೌಂಟಿಯಲ್ಲಾಗಿದೆ ಎಂದು ಪರಿಶೀಲನಾ ಪತ್ರವೊಂದನ್ನು ಬರೆದುಕೊಡುತ್ತದೆ. ಆ ಪತ್ರ ಡಿಕ್ರಿಗೆ ಬದಲಿಯಲ್ಲ. ಅದನ್ನು ತಂದು ಶಿವಮೊಗ್ಗದ ಕಚೇರಿಯ ಮುಂದಿಟ್ಟರೆ ಕಾನೂನಿನ ದೃಷ್ಟಿಯಲ್ಲಿ ಅದಕ್ಕೆ ಹೆಚ್ಚಿನ ತೂಕವಿಲ್ಲ. ಆದರೆ ಕೌಂಟಿ ಯಾವುದೆಂದೇ ತಿಳಿಯದವರಿಗೆ ಹುಡುಕಾಟ ಆರಂಭಿಸಲು ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ.

ಈಗ ಕೌಂಟಿಯ ವಿಷಯ. ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ. ನಮ್ಮ ಜಿಲ್ಲೆಗಳಂತೆ ಎಂದು ಹೇಳಬಹುದಾದರೂ ಅಳತೆಯಲ್ಲಿ ಹೋಲಿಕೆ ನಿಲ್ಲುವುದಿಲ್ಲ. ನಿಮ್ಮ ಅಕ್ಕ ಕೆಲಸ ಮಾಡಿದ ಆಲ್ಪೈನ್ ಬ್ರೂಸ್ಟರ್ ಕೌಂಟಿಯ ಕೇಂದ್ರ. ಆ ಕೌಂಟಿಯ ವಿಸ್ತೀರ್ಣ ಸುಮಾರು 16,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅತಿ ದೊಡ್ಡ ಜಿಲ್ಲೆಯಾದ ಬೆಳಗಾವಿಗಿಂತ ದೊಡ್ಡದು. 2020ರ ಜನಗಣತಿಯ ಪ್ರಕಾರ ಅಲ್ಲಿದ್ದ ಜನ 9,546. ಮಾರ್ಫಾ ಇರುವುದು ಪಕ್ಕದ ಪ್ರೆಸಿಡಿಯೊ ಕೌಂಟಿಯಲ್ಲಿ, ಅಲ್ಲಿನ ಜನಸಂಖ್ಯೆ 6,131. ಎರಡೂ ಊರುಗಳ ನಡುವೆ ನಲವತ್ತು ಕಿಲೋಮೀಟರಿನಷ್ಟು ಬಯಲು ರಸ್ತೆ. ಅಲ್ಲಿಂದ ಇಲ್ಲಿಗೆ ದಿನವೂ ಕೆಲಸಕ್ಕೆ ಓಡಾಡುವವರಿಗೆ ನಡುವೆ ಒಂದು ಗಡಿಯಿದೆ ಎಂಬುದು ಗಮನಕ್ಕೂ ಬರುವುದಿಲ್ಲ, ಆದರೆ ದಾಖಲೆಯ ಮಟ್ಟಿಗೆ ಆ ಗಡಿಯೇ ಎಲ್ಲವೂ ಆಗಿದೆ.

ಟೆಕ್ಸಾಸ್ ಕೌಟುಂಬಿಕ ಸಂಹಿತೆಯಂತೆ, ವಿಚ್ಛೇದನದ ಅರ್ಜಿ ಹಾಕಲು ದಂಪತಿಗಳಲ್ಲಿ ಒಬ್ಬರಾದರೂ ಅದಕ್ಕೆ ಹಿಂದಿನ ಆರು ತಿಂಗಳು ಆ ರಾಜ್ಯದ ನಿವಾಸಿಯಾಗಿರಬೇಕು ಮತ್ತು 90 ದಿನ ಆ ಕೌಂಟಿಯಲ್ಲಿ ವಾಸವಾಗಿರಬೇಕು. ಮದುವೆ ಎಲ್ಲಿ ಆಯಿತು, ಆಸ್ಪತ್ರೆ ಎಲ್ಲಿದೆ, ವಕೀಲರ ಕಚೇರಿ ಯಾವ ಊರಿನಲ್ಲಿತ್ತು ಎಂಬುದಾವುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿ ಹಾಕಿದ ದಿನ ಅಕ್ಕನ ಮನೆ ಎಲ್ಲಿತ್ತು, ಅವರ ಆಗಿನ ಪತಿಯ ಮನೆ ಎಲ್ಲಿತ್ತು ಎಂಬುದನ್ನು ನೆನಪಿಸಿಕೊಳ್ಳಲು ಹೇಳಿ. ಬಾಡಿಗೆ ಕರಾರು, ಕಾರಿನ ವಿಮೆ, ಆ ವರ್ಷದ ತೆರಿಗೆ ವಿವರ, ಬ್ಯಾಂಕಿನ ಹಳೆಯ ಇಮೇಲ್ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ವಿಳಾಸ ಸಿಕ್ಕೇ ಸಿಗುತ್ತದೆ. ಪ್ರತ್ಯೇಕವಾಗಿ ವಾಸಿಸಲು ಆರಂಭಿಸಿದ ಮೇಲೆ ಒಬ್ಬರು ಮಾರ್ಫಾದಲ್ಲಿಯೂ ಇನ್ನೊಬ್ಬರು ಆಲ್ಪೈನ್‌ನಲ್ಲಿಯೂ ಇದ್ದಿದ್ದರೆ ಎರಡೂ ಕೌಂಟಿಗಳನ್ನು ಕೇಳಬೇಕಾಗುತ್ತದೆ.

ನಿಮ್ಮ ಮಸುಕಾದ ಫೋಟೊ ಉಪಯೋಗಕ್ಕೆ ಬರುವುದು ಇಲ್ಲಿ. ಜನ ವಿರಳವಾದ ಭಾಗಗಳಲ್ಲಿ ಒಂದೊಂದು ಕೌಂಟಿಗೆ ಒಬ್ಬೊಬ್ಬ ಜಿಲ್ಲಾ ನ್ಯಾಯಾಧೀಶರಿರುವುದಿಲ್ಲ, ಹಲವು ಕೌಂಟಿಗಳಿಗೆ ಒಬ್ಬರೇ ಸರದಿಯಂತೆ ಹೋಗಿ ಕಲಾಪ ನಡೆಸುತ್ತಾರೆ. 394ನೇ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಗೆ ಬರುವುದು ಬ್ರೂಸ್ಟರ್, ಪ್ರೆಸಿಡಿಯೊ, ಜೆಫ್ ಡೇವಿಸ್, ಕಲ್ಬರ್‌ಸನ್ ಮತ್ತು ಹಡ್‌ಸ್ಪೆತ್ ಎಂಬ ಐದು ಕೌಂಟಿಗಳು. ಅಂದರೆ 254ರ ಹುಡುಕಾಟ ಐದಕ್ಕೆ ಇಳಿಯಿತು. ನಿಮ್ಮ ಅಕ್ಕ ಹೇಳುವ ಊರುಗಳನ್ನು ಸೇರಿಸಿ ನೋಡಿದರೆ ಎರಡಕ್ಕೆ ಇಳಿಯಿತು. ಆದರೆ ನ್ಯಾಯಾಲಯದ ಸಂಖ್ಯೆ ಒಂದೇ ಆದರೂ ದಾಖಲೆಗಳು ಒಂದೆಡೆ ಇರುವುದಿಲ್ಲ. ನ್ಯಾಯಾಧೀಶರು ಊರಿಂದೂರಿಗೆ ಸಂಚರಿಸುತ್ತಾರೆ, ಕಡತಗಳು ಆಯಾ ಕೌಂಟಿಯ ಕ್ಲರ್ಕ್ ಬಳಿಯೇ ಉಳಿಯುತ್ತವೆ. ನ್ಯಾಯಾಧೀಶರ ಕಚೇರಿಗೆ ಪತ್ರ ಬರೆದರೆ ಪ್ರಯೋಜನವಿಲ್ಲ.

ಊರಿನ ಹೆಸರನ್ನು ನಂಬಿ ಕೌಂಟಿಯನ್ನು ಊಹಿಸುವುದು ಟೆಕ್ಸಾಸ್‌ನಲ್ಲಿ ಅಪಾಯಕಾರಿ. ಪ್ರೆಸಿಡಿಯೊ ಕೌಂಟಿಯಲ್ಲಿ ಪ್ರೆಸಿಡಿಯೊ ಎಂಬ ಊರೇ ಇದೆ, ಆದರೆ ಕೋರ್ಟು ಇರುವುದು ಮಾರ್ಫಾದಲ್ಲಿ. ಹ್ಯೂಸ್ಟನ್ ಮಹಾನಗರ ಇರುವುದು ಹ್ಯಾರಿಸ್ ಕೌಂಟಿಯಲ್ಲಿ, ಹ್ಯೂಸ್ಟನ್ ಕೌಂಟಿ ಎಂಬುದು ದೂರದ ಬೇರೊಂದು ಗ್ರಾಮೀಣ ಪ್ರದೇಶ, ಅದರ ಕೇಂದ್ರ ಕ್ರಾಕೆಟ್. ಆಸ್ಟಿನ್ ನಗರ ಟ್ರಾವಿಸ್ ಕೌಂಟಿಗೆ ಸೇರಿದ್ದು, ಆಸ್ಟಿನ್ ಕೌಂಟಿಯ ಕೇಂದ್ರ ಬೆಲ್‌ವಿಲ್. ಹೆಂಡರ್‌ಸನ್ ಎಂಬ ಊರು ರಸ್ಕ್ ಕೌಂಟಿಯ ಕೇಂದ್ರ, ರಸ್ಕ್ ಎಂಬ ಊರು ಚೆರೋಕಿ ಕೌಂಟಿಯ ಕೇಂದ್ರ, ಹೆಂಡರ್‌ಸನ್ ಕೌಂಟಿಯ ಕೇಂದ್ರವೋ ಅಥೆನ್ಸ್. ಇದನ್ನು ಓದುವ ಬೇರೆಯವರಿಗೂ ಉಪಯೋಗವಾಗಲೆಂದು ಇಷ್ಟು ಹೇಳಿದೆ. ಹ್ಯೂಸ್ಟನ್ ಕೌಂಟಿಯ ಗುಮಾಸ್ತರಿಗೆ ಹ್ಯೂಸ್ಟನ್ ನಗರದ ವಿಚ್ಛೇದನ ಕೇಳಿ ಬರೆದು, "ದಾಖಲೆ ಇಲ್ಲ" ಎಂಬ ಉತ್ತರ ಕಂಡು ಗಾಬರಿಯಾದವರನ್ನು ನಾನು ನೋಡಿದ್ದೇನೆ.

ಇನ್ನು ಕಚೇರಿಯ ಹೆಸರು. ಟೆಕ್ಸಾಸ್‌ನ ಕೌಂಟಿಯಲ್ಲಿ ಸಾಮಾನ್ಯವಾಗಿ ಇಬ್ಬರು ಕ್ಲರ್ಕ್‌ಗಳಿರುತ್ತಾರೆ. ನಮ್ಮಲ್ಲಿ ಕ್ಲರ್ಕ್ ಎಂದರೆ ಗುಮಾಸ್ತ, ಅಲ್ಲಿ ಅದು ಜನ ಮತ ಹಾಕಿ ಆರಿಸುವ ಹುದ್ದೆ, ಆದ್ದರಿಂದ ಪತ್ರದಲ್ಲಿ ಗೌರವದ ಸಂಬೋಧನೆ ಇರಲಿ. ಕೌಂಟಿ ಕ್ಲರ್ಕ್ ಎಂಬವರು ಜಮೀನಿನ ಪತ್ರಗಳನ್ನು, ಮದುವೆಯ ಲೈಸೆನ್ಸುಗಳನ್ನು ನೋಡಿಕೊಳ್ಳುತ್ತಾರೆ. ಡಿಸ್ಟ್ರಿಕ್ಟ್ ಕ್ಲರ್ಕ್ ಎಂಬವರು ಜಿಲ್ಲಾ ನ್ಯಾಯಾಲಯದ ಕಡತಗಳನ್ನು ಕಾಯುತ್ತಾರೆ, ವಿಚ್ಛೇದನ ಅವರ ಬಳಿಯೇ ಇರುತ್ತದೆ. ಮದುವೆ ಮತ್ತು ವಿಚ್ಛೇದನ ಒಂದೇ ಕಪಾಟಿನಲ್ಲಿರುತ್ತವೆ ಎಂದು ಭಾವಿಸಿ ಕೌಂಟಿ ಕ್ಲರ್ಕ್‌ಗೆ ಬರೆಯುವುದು ಸಾಮಾನ್ಯ ತಪ್ಪು. ಆದರೆ 8,000ಕ್ಕಿಂತ ಕಡಿಮೆ ಜನರಿರುವ ಕೌಂಟಿಗಳಲ್ಲಿ ಎರಡೂ ಹುದ್ದೆಗಳನ್ನು ಒಬ್ಬರೇ ನಿರ್ವಹಿಸಲು ರಾಜ್ಯದ ಸಂವಿಧಾನವೇ ಅವಕಾಶ ಕೊಟ್ಟಿದೆ. ಲವಿಂಗ್ ಕೌಂಟಿಯಲ್ಲಿ 2020ರಲ್ಲಿ ಎಣಿಸಿದ ಜನ 64. ಅಂಥ ಕಡೆ ಎರಡು ಕಚೇರಿ ಇಟ್ಟುಕೊಂಡು ಯಾರಿಗೆ ಏನು ಮಾಡುವುದು? ಪ್ರೆಸಿಡಿಯೊದಲ್ಲಿ ಇಂಥ ಜಂಟಿ ಕಚೇರಿಯಿದೆ, ಬ್ರೂಸ್ಟರ್‌ನಲ್ಲಿ ಎರಡೂ ಬೇರೆ ಬೇರೆ. ಹಾಗಾಗಿ ಆಲ್ಪೈನ್‌ಗೆ ಬರೆಯುವಾಗ ಲಕೋಟೆಯ ಮೇಲೆ "ಡಿಸ್ಟ್ರಿಕ್ಟ್ ಕ್ಲರ್ಕ್" ಎಂದು ಸ್ಪಷ್ಟವಾಗಿ ಬರೆಯಿರಿ.

ಅಂತರ್ಜಾಲದಲ್ಲಿ ಹುಡುಕಿ ನೋಡಬಾರದೆ ಎಂದು ನೀವು ಕೇಳಬಹುದು. ನೋಡಬಹುದು, ಆದರೆ ಹೆಚ್ಚು ನಿರೀಕ್ಷೆ ಬೇಡ. ಟೆಕ್ಸಾಸ್‌ನಲ್ಲಿ ಸಿವಿಲ್ ಮೊಕದ್ದಮೆಗಳ ಇ-ಫೈಲಿಂಗ್ ಕಡ್ಡಾಯವಾದದ್ದು ದೊಡ್ಡ ಕೌಂಟಿಗಳಲ್ಲಿ 2014ರ ಜನವರಿಯಿಂದ. ಅಲ್ಲಿಂದ ಹಂತ ಹಂತವಾಗಿ ಇಳಿದು, 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಕೌಂಟಿಗಳಿಗೆ ಅದು ಬಂದದ್ದು 2016ರ ಜುಲೈ 1ರಂದು. ನಿಮ್ಮ ಅಕ್ಕನ ಮೊಕದ್ದಮೆ 2012ರದು, ಅಂದರೆ ಕಾಗದದ ಕಾಲದ್ದು. ರಾಜ್ಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಹೆಸರು ಕಾಣಲಿಲ್ಲವೆಂದರೆ ದಾಖಲೆ ಇಲ್ಲವೆಂದು ಅರ್ಥವಲ್ಲ. ಕೋರ್ಟ್ ಕಟ್ಟಡದ ದಾಖಲೆ ಕೋಣೆಯಲ್ಲಿ ಒಂದು ಮಡಚಿದ ಕಡತ ಇದ್ದೇ ಇರುತ್ತದೆ. "ಐದು ನಿಮಿಷದಲ್ಲಿ ಯಾರದೇ ವಿಚ್ಛೇದನ ದಾಖಲೆ" ಎಂದು ಜಾಹೀರಾತು ಹಾಕುವ ಖಾಸಗಿ ಜಾಲತಾಣಗಳಿಗೆ ಹಣ ಕೊಡಬೇಡಿ. ಅವರು ಕೊಡುವುದು ಹೆಚ್ಚೆಂದರೆ ಸೂಚಿಯ ಒಂದು ಸಾಲು, ಮೊಹರಿನ ಪ್ರತಿಯನ್ನಲ್ಲ.

ಹೆಸರಿನ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ಕನ್ನಡಿಗರ ದಾಖಲೆಗಳು ಅಲ್ಲಿ ಸಿಕ್ಕದೆ ಹೋಗುವುದಕ್ಕೆ ಮುಖ್ಯ ಕಾರಣ ಇದೇ. ನಮ್ಮ ಹೆಸರಿನ ಮುಂದಿನ ಇನಿಷಿಯಲ್‌ಗಳು ಪಾಸ್‌ಪೋರ್ಟಿಗೆ ಹೋಗುವಾಗ ಊರ ಹೆಸರಾಗಿ, ತಂದೆಯ ಹೆಸರಾಗಿ ಬಿಚ್ಚಿಕೊಳ್ಳುತ್ತವೆ. ಅಮೆರಿಕದಲ್ಲಿ ಕೊನೆಯ ಪದವೇ ಮನೆತನದ ಹೆಸರಾಗುತ್ತದೆ. ಶಿವಮೊಗ್ಗದಲ್ಲಿ ಎಲ್ಲರೂ ಒಂದು ಹೆಸರಿನಿಂದ ಕರೆಯುವ ಮಹಿಳೆ ಅಲ್ಲಿನ ಸೂಚಿಯಲ್ಲಿ ತಂದೆಯ ಹೆಸರಿನ ಅಕ್ಷರದ ಕೆಳಗೆ ಕುಳಿತಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಮೊದಲ ಹೆಸರಿನ ಜಾಗದಲ್ಲಿ, ಮೊದಲ ಹೆಸರು ತಿಳಿಯದು ಎಂಬುದರ ಸಂಕ್ಷೇಪವಾದ "ಎಫ್‌ಎನ್‌ಯು" ಸೇರಿಕೊಳ್ಳುತ್ತದೆ. ಗೌಡ ಎಂಬುದಕ್ಕೆ ಎರಡು ಕಾಗುಣಿತ, ಹೆಗಡೆ ಎಂಬುದಕ್ಕೆ ಎರಡು ಮೂರು. ಹೀಗಾಗಿ 2012ರಲ್ಲಿ ಚಾಲ್ತಿಯಲ್ಲಿದ್ದ ಪಾಸ್‌ಪೋರ್ಟ್ ಮತ್ತು ವೀಸಾದಲ್ಲಿದ್ದ ಹೆಸರು ಅಕ್ಷರಶಃ ಹೇಗಿತ್ತೋ ಹಾಗೆ ಮೊದಲು ಕೊಡಿ, ಆಮೇಲೆ ಸಾಧ್ಯವಿರುವ ಬೇರೆ ರೂಪಗಳನ್ನು ಬರೆಯಿರಿ. ಇಬ್ಬರ ಹೆಸರನ್ನೂ ಕೊಡಿ. ಅರ್ಜಿ ಹಾಕಿದ್ದು ಯಾರೆಂಬುದರ ಮೇಲೆ ಸೂಚಿಯಲ್ಲಿ ಮೊದಲು ಬರುವ ಹೆಸರು ಬದಲಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಟೆಕ್ಸಾಸ್‌ನಲ್ಲಿ ವಿಚ್ಛೇದನದ ಮೊಕದ್ದಮೆಯ ಶೀರ್ಷಿಕೆ ನಮ್ಮಲ್ಲಿಯಂತೆ ಅರ್ಜಿದಾರರು ವಿರುದ್ಧ ಎದುರುದಾರರು ಎಂದು ಇರುವುದಿಲ್ಲ. "ಇನ್ ದ ಮ್ಯಾಟರ್ ಆಫ್ ದ ಮ್ಯಾರೇಜ್ ಆಫ್" ಎಂದು ಆರಂಭವಾಗಿ, ಇಬ್ಬರ ಹೆಸರುಗಳೂ ಅದರ ಕೆಳಗೆ ಬರುತ್ತವೆ. ಮಕ್ಕಳಿದ್ದರೆ ಅವರ ಹಿತಾಸಕ್ತಿಯ ವಿಷಯವೂ ಶೀರ್ಷಿಕೆಗೆ ಸೇರುತ್ತದೆ. ಯಾರೋ ಅವಸರದಲ್ಲಿ ಸೂಚಿ ಬರೆದಿದ್ದರೆ ಅದು "ಇನ್" ಎಂಬ ಪದದ ಕೆಳಗೋ "ಮ್ಯಾರೇಜ್" ಎಂಬ ಪದದ ಕೆಳಗೋ ಸೇರಿಹೋಗಿರಬಹುದು. ಮೊದಲ ಸಲ ಇಲ್ಲವೆಂಬ ಉತ್ತರ ಬಂದರೆ ಈ ಸಾಧ್ಯತೆಯನ್ನು ವಿನಯದಿಂದ ನೆನಪಿಸಿ, ಮತ್ತೊಮ್ಮೆ ನೋಡಲು ಕೇಳಿಕೊಳ್ಳಬಹುದು. ವರ್ಷದ ವಿಷಯವೂ ಹಾಗೆಯೇ. ಅರ್ಜಿ ಹಾಕಿದ ದಿನದಿಂದ ಕನಿಷ್ಠ 60 ದಿನ ಕಳೆಯದೆ ಟೆಕ್ಸಾಸ್ ನ್ಯಾಯಾಲಯ ಸಾಮಾನ್ಯವಾಗಿ ವಿಚ್ಛೇದನ ಕೊಡುವಂತಿಲ್ಲ. ಡಿಕ್ರಿ 2012ರ ಆರಂಭದ್ದಾದರೆ ಅರ್ಜಿ 2011ರದಾಗಿರುತ್ತದೆ, ಮೊಕದ್ದಮೆಯ ಸಂಖ್ಯೆ ಆ ವರ್ಷದ ಸಾಲಿನಲ್ಲಿರುತ್ತದೆ. ಆದ್ದರಿಂದ 2011ರಿಂದ 2013ರವರೆಗೆ ಹುಡುಕಬೇಕೆಂದು ಕೇಳಿ.

ಏನನ್ನು ಕೇಳಬೇಕು ಎಂಬುದು ನನ್ನ ಅಭಿಪ್ರಾಯದಲ್ಲಿ ಎಲ್ಲಿ ಕೇಳಬೇಕು ಎಂಬುದಕ್ಕಿಂತ ಮುಖ್ಯ. ಬಹಳ ಜನ ಡಿಕ್ರಿಯ ಒಂದು ಪ್ರತಿ ಮಾತ್ರ ತರಿಸುತ್ತಾರೆ, ಭಾರತಕ್ಕೆ ಬಂದ ಮೇಲೆ ಪುನಃ ಅದೇ ಕಚೇರಿಗೆ ಬರೆಯುತ್ತಾರೆ. ಕಾರಣ ನಮ್ಮ ಕಾನೂನಿನಲ್ಲಿದೆ. ವಿದೇಶಿ ನ್ಯಾಯಾಲಯದ ತೀರ್ಪನ್ನು ಇಲ್ಲಿ ಒಪ್ಪುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಮಿನ ಮೇಲೆ ನಿಂತಿದೆ. ಅಧಿಕಾರವಿಲ್ಲದ ನ್ಯಾಯಾಲಯ ಕೊಟ್ಟದ್ದು, ಸಹಜ ನ್ಯಾಯಕ್ಕೆ ವಿರುದ್ಧವಾದದ್ದು, ಮೋಸದಿಂದ ಪಡೆದದ್ದು ಮುಂತಾದ ಆರು ಸಂದರ್ಭಗಳಲ್ಲಿ ಅಂಥ ತೀರ್ಪಿಗೆ ಇಲ್ಲಿ ಮಾನ್ಯತೆಯಿಲ್ಲ. 1991ರಲ್ಲಿ ವೈ. ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ವಿಚ್ಛೇದನಕ್ಕೆ ಅನ್ವಯಿಸಿ ವಿವರಿಸಿತು. ಅಲ್ಲಿಯೂ ಪ್ರಶ್ನೆ ಹುಟ್ಟಿದ್ದು ಅಮೆರಿಕದ ಒಂದು ಕೌಂಟಿಯ ಡಿಕ್ರಿಯಿಂದಲೇ. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ನ್ಯಾಯಾಲಯದಲ್ಲಿ, 90 ದಿನ ವಾಸವಿದ್ದೆನೆಂದು ಹೇಳಿ ಪತಿ ಪಡೆದಿದ್ದ ವಿಚ್ಛೇದನವನ್ನು ನಮ್ಮ ನ್ಯಾಯಾಲಯ ಒಪ್ಪಲಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರ ವಿಚ್ಛೇದನ ವಿದೇಶದಲ್ಲಾದರೆ, ಎದುರುದಾರರು ಅಲ್ಲಿನ ಕಾಯಂ ನಿವಾಸಿಯಾಗಿದ್ದು ನಮ್ಮ ಕಾಯ್ದೆ ಒಪ್ಪುವ ಕಾರಣದ ಮೇಲೆ ಡಿಕ್ರಿಯಾಗಿರಬೇಕು, ಇಲ್ಲವೇ ಅವರು ಸ್ವಇಚ್ಛೆಯಿಂದ ಹಾಜರಾಗಿ ಅಂಥ ಕಾರಣದ ಮೇಲಿನ ವಾದವನ್ನು ಎದುರಿಸಿರಬೇಕು, ಅಥವಾ ಪರಿಹಾರಕ್ಕೆ ಒಪ್ಪಿಗೆ ಕೊಟ್ಟಿರಬೇಕು ಎಂಬುದು ಆ ತೀರ್ಪಿನ ಸಾರ.

ಟೆಕ್ಸಾಸ್ ಡಿಕ್ರಿಗಳಲ್ಲಿ ಹೆಚ್ಚಾಗಿ ಕಾಣುವ ಕಾರಣ "ಇನ್‌ಸಪೋರ್ಟಬಿಲಿಟಿ", ಅಂದರೆ ಹೊಂದಾಣಿಕೆ ಸಾಧ್ಯವಾಗದಷ್ಟು ಮನಸ್ಸು ಮುರಿದಿದೆ ಎಂಬುದು. ಅದು ನಮ್ಮ ಕಾಯ್ದೆಯಲ್ಲಿ ಆ ರೂಪದಲ್ಲಿ ಇಲ್ಲ. ಆದ್ದರಿಂದ ನಿಮ್ಮ ಅಕ್ಕನ ಪ್ರಕರಣ ಗಟ್ಟಿಯಾಗಿ ನಿಲ್ಲುವುದು ಇಬ್ಬರ ಒಪ್ಪಿಗೆ ಇತ್ತೆಂಬುದರ ಮೇಲೆ. ಆ ಒಪ್ಪಿಗೆ ಕಾಗದದಲ್ಲಿ ಎಲ್ಲಿರುತ್ತದೆ? ಮೊದಲನೆಯದು, ಎದುರುದಾರರು ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದ "ವೇವರ್ ಆಫ್ ಸರ್ವಿಸ್", ಅಂದರೆ ತಮಗೆ ನೋಟಿಸನ್ನು ವಿಧಿವತ್ತಾಗಿ ಜಾರಿ ಮಾಡಬೇಕಿಲ್ಲ ಎಂದು ಬರೆದುಕೊಟ್ಟ ಪತ್ರ, ಅಥವಾ ಅವರು ಸಲ್ಲಿಸಿದ ಉತ್ತರ. ಎರಡನೆಯದು, ಡಿಕ್ರಿಯ ಕೊನೆಯ ಪುಟ. ಒಪ್ಪಿಗೆಯ ಡಿಕ್ರಿಯಾದರೆ ನ್ಯಾಯಾಧೀಶರ ಸಹಿಯ ಕೆಳಗೆ, ಇದರ ರೂಪಕ್ಕೂ ಸಾರಕ್ಕೂ ನಾವು ಒಪ್ಪಿದ್ದೇವೆ ಎಂಬ ಸಾಲು ಮತ್ತು ಅದರಡಿ ಇಬ್ಬರ ಸಹಿಗಳಿರುತ್ತವೆ. ಮೊದಲ ಮತ್ತು ಕೊನೆಯ ಪುಟ ಸಾಕು ಎಂದು ಖರ್ಚು ಉಳಿಸಲು ಹೋಗಬೇಡಿ, ಡಿಕ್ರಿ ಪೂರ್ತಿ ಇರಲಿ. ಹಾಗಾಗಿ ನಾನು ಹೇಳುವುದು ಇಷ್ಟು. ಮೂಲ ಅರ್ಜಿ, ವೇವರ್ ಅಥವಾ ಉತ್ತರ, ಲಗತ್ತುಗಳ ಸಮೇತ ಪೂರ್ತಿ ಡಿಕ್ರಿ, ನಂತರ ಡಿಕ್ರಿಯಲ್ಲಿ ತಿದ್ದುಪಡಿಯಾಗಿದ್ದರೆ ಆ ಆದೇಶ, ಮತ್ತು ಮೊಕದ್ದಮೆಯ ದಿನಚರಿಯಾದ ಡಾಕೆಟ್ ಶೀಟ್. ಡಾಕೆಟ್ ಶೀಟಿನ ಉಪಯೋಗ ಏನೆಂದರೆ, ಡಿಕ್ರಿಯ ನಂತರ ಮೇಲ್ಮನವಿಯಾಗಲಿ ಮರುವಿಚಾರಣೆಯ ಮನವಿಯಾಗಲಿ ಬಂದಿಲ್ಲವೆಂಬುದು ಅದರಿಂದ ಕಾಣುತ್ತದೆ. ಇಲ್ಲಿನ ಕಚೇರಿಗಳು "ಅಪೀಲು ಆಗಿಲ್ಲವೆಂದು ಬರೆಸಿ ತನ್ನಿ" ಎನ್ನುವುದುಂಟು. ಅಂಥ ಪತ್ರ ಬರೆದುಕೊಡುವ ಪದ್ಧತಿ ಅಲ್ಲಿ ಸಾಮಾನ್ಯವಾಗಿ ಇಲ್ಲ.

ಪತ್ರ ಬರೆಯುವ ಮುನ್ನ ಒಮ್ಮೆ ಫೋನ್ ಮಾಡಿ. ಆಲ್ಪೈನ್ ಮತ್ತು ಮಾರ್ಫಾ ಟೆಕ್ಸಾಸ್‌ನ ಬಹುಭಾಗದಂತೆ ಸೆಂಟ್ರಲ್ ಕಾಲಮಾನದಲ್ಲಿವೆ. ಚಳಿಗಾಲದಲ್ಲಿ ಅಲ್ಲಿನ ಬೆಳಗಿನ ಎಂಟು ಗಂಟೆ ನಮ್ಮ ರಾತ್ರಿ ಏಳೂವರೆ, ಬೇಸಿಗೆಯಲ್ಲಿ ಆರೂವರೆ. ಅದೇ 394ನೇ ನ್ಯಾಯಾಲಯಕ್ಕೆ ಸೇರಿದ ಹಡ್‌ಸ್ಪೆತ್ ಮಾತ್ರ ಒಂದು ಗಂಟೆ ಹಿಂದಿದೆ. ಇಂಥ ಕಚೇರಿಗಳಲ್ಲಿ ಕ್ಲರ್ಕ್ ಜೊತೆಗೆ ಕೆಲವೇ ಡೆಪ್ಯುಟಿಗಳು ಇರುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲು ಹಾಕುವುದುಂಟು. ನ್ಯಾಯಾಧೀಶರು ಊರಿಗೆ ಬಂದ ದಿನ ಎಲ್ಲರೂ ಕೋರ್ಟ್ ಹಾಲಿನಲ್ಲಿರುವುದರಿಂದ ಫೋನ್ ಸುಮ್ಮನೆ ಹೊಡೆದುಕೊಳ್ಳುತ್ತಿರುತ್ತದೆ. ಉತ್ತರ ಸಿಗಲಿಲ್ಲವೆಂದು ಒಂದೇ ದಿನ ಹತ್ತು ಸಲ ಕರೆ ಮಾಡಬೇಡಿ, ಮರುದಿನ ಮಾಡಿ. ಒಮ್ಮೆ ಮಾತಿಗೆ ಸಿಕ್ಕರೆ ಅವರಷ್ಟು ಸಹಾಯ ಮಾಡುವವರು ದೊಡ್ಡ ನಗರದ ಕೌಂಟಿಗಳಲ್ಲಿ ಸಿಗುವುದು ಅಪರೂಪ. ಸಾಲಿನಲ್ಲಿ ನಿಂತ ನೂರು ಜನರಲ್ಲಿ ನೀವೊಬ್ಬರಾಗಿರುವುದಿಲ್ಲ. ಮೊಕದ್ದಮೆಯ ಸಂಖ್ಯೆ, ಪುಟಗಳ ಸಂಖ್ಯೆ, ಒಟ್ಟು ಶುಲ್ಕ, ಹಣ ಕಟ್ಟುವ ರೀತಿ ಈ ನಾಲ್ಕನ್ನು ಕೇಳಿ ಬರೆದುಕೊಳ್ಳಿ.

ನಮ್ಮಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ರೂಢಿಯಾದವರು ಅಲ್ಲಿಯೂ ಅದೇ ಧಾಟಿಯಲ್ಲಿ, ಕಲಮುಗಳನ್ನು ಉಲ್ಲೇಖಿಸಿ, ಮೂವತ್ತು ದಿನದ ಗಡುವು ಹಾಕಿ ಬರೆಯುವುದನ್ನು ಕಂಡಿದ್ದೇನೆ. ಟೆಕ್ಸಾಸ್‌ನಲ್ಲಿಯೂ ಸಾರ್ವಜನಿಕ ಮಾಹಿತಿ ಕಾಯ್ದೆ ಇದೆ, ಆದರೆ ಅದು ನ್ಯಾಯಾಂಗದ ದಾಖಲೆಗಳಿಗೆ ಅನ್ವಯಿಸುವುದಿಲ್ಲ. ಅದರ ಅಗತ್ಯವೂ ಇಲ್ಲ, ಏಕೆಂದರೆ ನ್ಯಾಯಾಲಯ ಮುಚ್ಚಿಡಲು ಆದೇಶಿಸದ ವಿಚ್ಛೇದನದ ಕಡತ ಸಾಮಾನ್ಯವಾಗಿ ಎಲ್ಲರಿಗೂ ತೆರೆದದ್ದೇ. ಪ್ರತಿ ಕೇಳಲು ಕಾರಣ ಹೇಳಬೇಕಾಗಿಲ್ಲ, ಮುಖ್ತ್ಯಾರನಾಮೆ ಬೇಕಾಗಿಲ್ಲ. ಅಕ್ಕನ ಪರವಾಗಿ ನೀವೇ ಕೇಳಬಹುದು, ಅಮೆರಿಕದಲ್ಲಿ ಅವರ ಗೆಳತಿಯರಿದ್ದರೆ ಅವರೂ ಕೇಳಬಹುದು. ಹಾಗೆ ಅಲ್ಲಿರುವ ಯಾರಾದರೂ ಒಬ್ಬರು ಒಪ್ಪಿದರೆ ನಿಮ್ಮ ಅರ್ಧ ಕಷ್ಟ ಕಳೆದಂತೆ. ಶುಲ್ಕ ಬಹಳವಲ್ಲ, ದೃಢೀಕೃತ ಪ್ರತಿಗೆ ಪುಟಕ್ಕೆ 1 ಡಾಲರ್ ಎಂಬುದು ರೂಢಿಯ ದರ, ದೃಢೀಕರಣಕ್ಕೂ ಹುಡುಕಾಟಕ್ಕೂ ಕೆಲವು ಡಾಲರ್ ಸೇರಬಹುದು. ತೊಂದರೆಯಿರುವುದು ಹಣ ತಲುಪಿಸುವುದರಲ್ಲಿ. ಸಣ್ಣ ಕಚೇರಿಗಳು ಅಂಚೆಯಲ್ಲಿ ಬರುವ ಮನಿ ಆರ್ಡರ್ ಅಥವಾ ಬ್ಯಾಂಕಿನ ಕ್ಯಾಷಿಯರ್ಸ್ ಚೆಕ್ ಬಯಸುತ್ತವೆ. ಭಾರತದ ಬ್ಯಾಂಕಿನ ಚೆಕ್ಕು ಅಲ್ಲಿ ಕಾಗದಕ್ಕೆ ಸಮ. ಉತ್ತರಕ್ಕಾಗಿ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ ಇಡಬೇಕೆಂದರೆ ಅಮೆರಿಕದ ಅಂಚೆಚೀಟಿ ಶಿವಮೊಗ್ಗದಲ್ಲಿ ಎಲ್ಲಿಂದ ಬರಬೇಕು? ಅಲ್ಲಿ ಗೆಳತಿ ಇದ್ದರೆ ಅವರ ವಿಳಾಸಕ್ಕೇ ಪ್ರತಿಗಳು ಬಂದು ಸೇರುವಂತೆ ಮಾಡುವುದು ಜಾಣತನ.

ಪತ್ರ ಒಂದು ಪುಟ ಮೀರದಿರಲಿ. ಇಬ್ಬರ ಪೂರ್ಣ ಹೆಸರು, ವಿಚ್ಛೇದನದ ಅಂದಾಜು ತಿಂಗಳು, 394ನೇ ನ್ಯಾಯಾಲಯ ಎಂಬ ಸುಳಿವು, ಬೇಕಾದ ಕಾಗದಗಳು, ಪ್ರತಿಗಳ ಸಂಖ್ಯೆ ಇಷ್ಟಿದ್ದರೆ ಸಾಕು. ನಿಮ್ಮಲ್ಲಿರುವ ಫೋಟೊದ ಮುದ್ರಿತ ಪ್ರತಿಯನ್ನೂ ಇಡಿ. ಅದರ ಮೇಲ್ಭಾಗದಲ್ಲಿ ಮೊಕದ್ದಮೆ ಸಂಖ್ಯೆಯ ಒಂದೆರಡು ಅಂಕಿಗಳಾದರೂ ಅಲ್ಲಿನವರ ಕಣ್ಣಿಗೆ ಬೀಳಬಹುದು. ಎರಡು ವಾಕ್ಯಗಳನ್ನು ಮಾತ್ರ ಮರೆಯದೆ ಬರೆಯಿರಿ. ಭಾರತದಲ್ಲಿ ಬಳಸಲು ಅಪೋಸ್ಟಿಲ್ ಮಾಡಿಸಬೇಕಾಗಿದೆ, ಆದ್ದರಿಂದ ಕ್ಲರ್ಕ್ ಅಥವಾ ಡೆಪ್ಯುಟಿಯವರ ಶಾಯಿಯ ಸಹಿ ಮತ್ತು ಕಚೇರಿಯ ಮೊಹರಿರುವ ಕಾಗದದ ಪ್ರತಿಯೇ ಬೇಕು ಎಂಬುದು ಒಂದು. ಡಿಕ್ರಿಯ ಎಲ್ಲ ಪುಟಗಳನ್ನೂ ಒಟ್ಟುಗೂಡಿಸಿ ಒಂದೇ ದೃಢೀಕರಣ ಹಾಕಿ ಎಂಬುದು ಇನ್ನೊಂದು. ಇಮೇಲಿನಲ್ಲಿ ಬರುವ ಪಿಡಿಎಫ್ ಪ್ರತಿ ಓದಿಕೊಳ್ಳಲು ಚೆನ್ನ, ನಿಮ್ಮ ಕೆಲಸಕ್ಕೆ ಆಗದು.

ಅಪೋಸ್ಟಿಲ್ ಕೊಡುವುದು ಕೌಂಟಿಯಲ್ಲ, ವಾಷಿಂಗ್ಟನ್ನೂ ಅಲ್ಲ, ಹ್ಯೂಸ್ಟನ್ನಿನ ಭಾರತೀಯ ಕಾನ್ಸುಲೇಟೂ ಅಲ್ಲ. ಡಿಕ್ರಿ ಟೆಕ್ಸಾಸ್‌ನದಾದ್ದರಿಂದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್‌ನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಅದನ್ನು ಕೊಡುತ್ತದೆ. ಒಂದು ದಾಖಲೆಗೆ 15 ಡಾಲರ್. ಅರ್ಜಿಯ ನಮೂನೆಯಲ್ಲಿ ದಾಖಲೆ ಬಳಕೆಯಾಗುವ ದೇಶ ಭಾರತ ಎಂದು ಬರೆಯಬೇಕು. ಅಪೋಸ್ಟಿಲ್ ಒಪ್ಪಂದ ಭಾರತದ ಮಟ್ಟಿಗೆ 2005ರ ಜುಲೈ 14ರಂದು ಜಾರಿಗೆ ಬಂದಿದೆ. ಅಮೆರಿಕ ಅದಕ್ಕೂ ಬಹಳ ಹಿಂದೆ, 1981ರಲ್ಲಿಯೇ ಸೇರಿತ್ತು. ಆದ್ದರಿಂದ ಅಪೋಸ್ಟಿಲ್ ಆದ ಮೇಲೆ ರಾಯಭಾರ ಕಚೇರಿಯ ಇನ್ನೊಂದು ಮುದ್ರೆ ಬೇಕೆಂದು ಯಾರಾದರೂ ಹೇಳಿದರೆ ಈ ಒಪ್ಪಂದವನ್ನು ಅವರ ಗಮನಕ್ಕೆ ತನ್ನಿ. ಡಿಕ್ರಿಗೆ ಅಪೋಸ್ಟಿಲ್ ಮಾಡಿಸಲೇಬೇಕು. ವೇವರ್‌ಗೂ ಮಾಡಿಸಿಕೊಳ್ಳುವುದು ಒಳ್ಳೆಯದು. ಉಳಿದವಕ್ಕೆ ಕ್ಲರ್ಕ್ ದೃಢೀಕರಣವಿದ್ದರೆ ಸದ್ಯಕ್ಕೆ ಸಾಕೆಂದು ನನ್ನ ಅನಿಸಿಕೆ.

ಲಕೋಟೆ ಕೈಗೆ ಬಂದ ದಿನ ಅಕ್ಕನೂ ನೀವೂ ಕುಳಿತು ಡಿಕ್ರಿಯನ್ನು ಒಮ್ಮೆ ನಿಧಾನವಾಗಿ ಓದಿ. ಅದರಲ್ಲಿ ಮೂರು ದಿನಾಂಕಗಳಿರಬಹುದು. ನ್ಯಾಯಾಧೀಶರು ಬಾಯಿಮಾತಿನಲ್ಲಿ ವಿಚ್ಛೇದನ ಘೋಷಿಸಿದ ದಿನ, ಡಿಕ್ರಿಗೆ ಸಹಿ ಮಾಡಿದ ದಿನ, ಮತ್ತು ಮೊದಲ ಪುಟದ ಮೂಲೆಯಲ್ಲಿ ಓರೆಯಾಗಿ ಒತ್ತಿದ "ಫೈಲ್ಡ್" ಎಂಬ ಮುದ್ರೆಯ ದಿನ, ಪಕ್ಕದಲ್ಲಿ ಗಂಟೆ ನಿಮಿಷ ಮತ್ತು ಡೆಪ್ಯುಟಿಯ ಚಿಕ್ಕ ಸಹಿ. ಟೆಕ್ಸಾಸ್ ಡಿಕ್ರಿಗಳ ಕೊನೆಯಲ್ಲಿ, ಇಂಥ ದಿನ ಘೋಷಿಸಲಾಯಿತು, ಆದರೆ ಸಹಿ ಮಾಡಿದ್ದು ಇಂಥ ದಿನ ಎಂದು ಒಂದೇ ವಾಕ್ಯದಲ್ಲಿ ಎರಡು ದಿನಾಂಕ ಬರುವುದು ಸಾಮಾನ್ಯ. ಇಲ್ಲಿನ ಎಲ್ಲ ನಮೂನೆಗಳಲ್ಲಿಯೂ ಒಂದೇ ದಿನಾಂಕವನ್ನು, ಸಾಮಾನ್ಯವಾಗಿ ಸಹಿಯ ದಿನಾಂಕವನ್ನು, ಬಳಸಿ. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಬರೆದರೆ ಅನಗತ್ಯ ಅನುಮಾನ ಹುಟ್ಟುತ್ತದೆ. ಅಂಕಿಯಲ್ಲಿ 04/07/2012 ಎಂದಿದ್ದರೆ ಅದು ಏಪ್ರಿಲ್ 7, ನಮ್ಮ ರೂಢಿಯ ಜುಲೈ 4 ಅಲ್ಲ. ಹೆಸರಿನ ಕಾಗುಣಿತ ಈಗಿನ ಪಾಸ್‌ಪೋರ್ಟ್ ಮತ್ತು ಆಧಾರ್‌ಗೆ ಹೊಂದುತ್ತದೆಯೇ, ಮದುವೆಗೆ ಮುಂಚಿನ ಹೆಸರನ್ನು ಹಿಂದಕ್ಕೆ ಪಡೆಯಲು ಡಿಕ್ರಿಯಲ್ಲಿ ಅನುಮತಿ ಇದೆಯೇ ಎಂಬುದನ್ನೂ ನೋಡಿ.

ಅಪೋಸ್ಟಿಲ್ ಹಾಳೆಯನ್ನು ಡಿಕ್ರಿಯ ಮೇಲೆ ಪಿನ್ನು ಹೊಡೆದು ಸೇರಿಸಿರುತ್ತಾರೆ. ಜೆರಾಕ್ಸ್ ಅಂಗಡಿಯ ಹುಡುಗ ಅಭ್ಯಾಸಬಲದಿಂದ ಮೊದಲು ಮಾಡುವ ಕೆಲಸ ಆ ಪಿನ್ನು ಕೀಳುವುದು. ಕಿತ್ತ ಗುರುತು ಕಂಡರೆ, ಒಳಗಿನ ಹಾಳೆ ಬದಲಾಗಿದೆಯೇ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ, ಮತ್ತೆ ಆಸ್ಟಿನ್‌ಗೆ ಕಳಿಸಬೇಕಾಗುತ್ತದೆ. ಪುಟ ಮಡಚಿಕೊಂಡೇ ನಕಲು ತೆಗೆಸಿ, ನೀವು ಪಕ್ಕದಲ್ಲೇ ನಿಂತಿರಿ.

ಉಪನೋಂದಣಾಧಿಕಾರಿಗಳ ಮುಂದೆ ಹೋಗುವಾಗ, ಅವರು ಕೇಳಿದ "ಸರ್ಟಿಫಿಕೇಟ್" ಎಂಬ ಹೆಸರಿನ ಕಾಗದ ಟೆಕ್ಸಾಸ್‌ನಲ್ಲಿ ಇಲ್ಲವೆಂದೂ, ಈ ಡಿಕ್ರಿಯೇ ಅದೆಂದೂ ಒಂದು ಚಿಕ್ಕ ಮನವಿಯಲ್ಲಿ ಬರೆದು ಜೊತೆಗಿಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 14ನೇ ಕಲಮು ಹೇಳುವುದು, ವಿದೇಶಿ ತೀರ್ಪಿನ ದೃಢೀಕೃತ ಪ್ರತಿ ಹಾಜರುಪಡಿಸಿದಾಗ, ದಾಖಲೆಯಲ್ಲಿ ವಿರುದ್ಧವಾದದ್ದು ಕಾಣದಿದ್ದರೆ, ಅದನ್ನು ಅಧಿಕಾರವಿರುವ ನ್ಯಾಯಾಲಯವೇ ಕೊಟ್ಟಿದೆ ಎಂದು ನ್ಯಾಯಾಲಯ ಭಾವಿಸಬೇಕು ಎಂದು. ಆ ಕಲಮು ನ್ಯಾಯಾಲಯವನ್ನು ಕುರಿತದ್ದಾದರೂ ಮನವಿಯಲ್ಲಿ ಅದರ ಉಲ್ಲೇಖವಿದ್ದರೆ ಅಧಿಕಾರಿಗೆ ಆಧಾರ ಸಿಗುತ್ತದೆ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಗೆ ಮುಂಚಿನ ಮೂವತ್ತು ದಿನದ ನೋಟಿಸಿನ ಅವಧಿ ಹೇಗೂ ಇದೆ, ಅದಕ್ಕೆ ಮುಂಚೆಯೇ ಈ ಕಾಗದಗಳನ್ನು ತೋರಿಸಿ ಒಪ್ಪಿಸಿಕೊಳ್ಳಿ. ಎಲ್ಲವನ್ನೂ ಇಟ್ಟ ಮೇಲೂ ಒಪ್ಪದಿದ್ದರೆ ಲಿಖಿತವಾಗಿ ಕಾರಣ ಕೇಳಿ. ಆ ಕಾರಣವನ್ನು ಹಿಡಿದು, ವ್ಯಕ್ತಿಯ ವೈವಾಹಿಕ ಸ್ಥಾನಮಾನವನ್ನು ಘೋಷಿಸುವ ಅಧಿಕಾರವಿರುವ ಕೌಟುಂಬಿಕ ನ್ಯಾಯಾಲಯಕ್ಕೆ, 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಮಿನಡಿ ಹೋಗಬಹುದು. ಆಗ ಆಲ್ಪೈನ್‌ನಿಂದಲೋ ಮಾರ್ಫಾದಿಂದಲೋ ಬಂದ ಆ ವೇವರ್ ಪ್ರತಿಯೇ ನಿಮ್ಮ ವಕೀಲರು ಮೊದಲು ಕೇಳುವ ಕಾಗದವಾಗಿರುತ್ತದೆ.